ಅತ್ತೆಯ ಅತ್ತೆ ಮತ್ತು ಸೋಡಿಯಂ

ಹೆಚ್ಚು ಓದಿದವರು ಕಡಿಮೆ ಹೆದರುತ್ತಾರೆ ಎಂದು ಜನ ಯಾಕೆ ನಂಬಿದ್ದಾರೋ ನನಗೆ ತಿಳಿಯದು. ನಾನು ಕಂಡಂತೆ ಓದಿದವರೂ ಓದದವರಷ್ಟೇ ಹೆದರುತ್ತಾರೆ. ವ್ಯತ್ಯಾಸ ಇಷ್ಟೇ: ಓದದವರು ಹೆದರಿದ ಕೂಡಲೇ ಚೀರಿ, ಓಡಿ, ಒಂದು ತಂಬಿಗೆ ನೀರು ಕುಡಿದು, ಆಮೇಲೆ ನಿರಾಳವಾಗಿ ಊಟಕ್ಕೆ ಕೂರುತ್ತಾರೆ. ಓದಿದವರಿಗೆ ಓಡಲು ಮರ್ಯಾದೆ ಬಿಡುವುದಿಲ್ಲ. ಹೆದರಿದ ಜಾಗದಲ್ಲೇ ನಿಂತು ಕಾರಣ ಹುಡುಕುತ್ತಾರೆ. ಕಾರಣ ಸಿಗುವವರೆಗೆ ಹೆದರುತ್ತಲೇ ಇರಬೇಕಾಗುತ್ತದೆ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಯಾಕೆಂದರೆ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಮತ್ತು ಕಳೆದ ಚಳಿಗಾಲದಲ್ಲಿ ಕುಷ್ಟಗಿಯ ನಮ್ಮದೇ ಅಡಿಗೆಮನೆಯಲ್ಲಿ, ನಮ್ಮದೇ ಗ್ಯಾಸ್ ಒಲೆಯ ಎದುರು, ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತು ಗಡಗಡ ನಡುಗಿದವಳು.

ನಾನು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ಮಕ್ಕಳಿಗೆ ಜ್ವಾಲಾ ಪರೀಕ್ಷೆ ಮಾಡಿಸುತ್ತೇನೆ. ಹೆಸರು ಗೊತ್ತಿಲ್ಲದ ಲವಣವೊಂದನ್ನು ಆಮ್ಲದಲ್ಲಿ ಕಲಸಿ, ತಂತಿಯ ತುದಿಗೆ ಹಚ್ಚಿ, ಬೆಂಕಿಗೆ ಹಿಡಿದರೆ ಒಳಗಿರುವ ಲೋಹ ಬಣ್ಣದಲ್ಲಿ ತನ್ನ ಹೆಸರು ಹೇಳುತ್ತದೆ. ಕ್ಯಾಲ್ಸಿಯಂ ಇದ್ದರೆ ಇಟ್ಟಂಗಿ ಕೆಂಪು. ಸ್ಟ್ರಾನ್ಷಿಯಂ ಇದ್ದರೆ ಕುಂಕುಮ ಕದಡಿದಂಥ ಕೆಂಪು. ತಾಮ್ರ ಇದ್ದರೆ ಕಿನ್ನಾಳದ ಗಿಳಿಗೊಂಬೆಗೆ ಬಳಿದಂಥ ಹಸಿರು. ಪೊಟ್ಯಾಸಿಯಂ ಬದನೆ ಹೂವಿನ ಬಣ್ಣಕ್ಕೆ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಇಷ್ಟೆಲ್ಲ ಚೆಂದದ ಬಣ್ಣಗಳಿದ್ದರೂ ನಮ್ಮ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ, ಹಳದಿ. ಅದು ಸೋಡಿಯಂ. ಉಪ್ಪಿನಲ್ಲಿ ಅದೇ, ಬೆವರಿನಲ್ಲಿ ಅದೇ, ತಂತಿ ಮುಟ್ಟಿದ ಬೆರಳಲ್ಲಿ ಅದೇ. ಮದುವೆ ಫೋಟೋದಲ್ಲಿ ಎಲ್ಲರ ಮುಂದೆ ಬಂದು ನಿಲ್ಲುವ ಸೋದರಮಾವನ ಹಾಗೆ ಅದು ಉಳಿದ ಬಣ್ಣಗಳನ್ನೆಲ್ಲ ಮರೆಮಾಡಿಬಿಡುತ್ತದೆ. "ಮೇಡಂ, ನನಗ ಏನ್ ಕೊಟ್ರೂ ಹಳದಿನ ಕಾಣತೈತ್ರಿ" ಎಂದು ಒಬ್ಬ ಹುಡುಗಿ ಒಮ್ಮೆ ಅತ್ತೇಬಿಟ್ಟಿದ್ದಳು. ಅಂಥ ಹೊತ್ತಿಗೆಂದು ಕಡುನೀಲಿ ಗಾಜಿನ ಒಂದು ತುಂಡು ಇಟ್ಟಿರುತ್ತೇವೆ. ಅದರ ಮೂಲಕ ನೋಡಿದರೆ ಸೋಡಿಯಂನ ಹಳದಿ ಕಾಣುವುದಿಲ್ಲ, ಹಿಂದೆ ಅಡಗಿದ್ದ ಬಣ್ಣ ಕಾಣುತ್ತದೆ. ಸೋದರಮಾವಂದಿರನ್ನು ಮರೆಮಾಡುವ ಗಾಜನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಅದು ಹಳೆಯ ಕಲ್ಲಿನ ಮನೆ. ನನ್ನ ಮಾವನವರ ಕಾಲದಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಟ್ಟನಡುವೆ ಒಂದು ಗೋಡೆ ಎದ್ದಿತು. ಮಾವನವರ ತಮ್ಮ ಆಚೆಯ ಅರ್ಧವನ್ನು ವೀರಪ್ಪಕಾಕಾ ಎಂಬವರಿಗೆ ಮಾರಿ ಊರು ಬಿಟ್ಟರು. ಗೋಡೆ ಕಟ್ಟಿದವರು ಯಾಕೋ ಮೇಲೆ, ಕೈಗೆಟುಕದ ಎತ್ತರದಲ್ಲಿ, ಒಂದು ಬೆಳಕಿಂಡಿಯನ್ನು ಹಾಗೇ ಬಿಟ್ಟಿದ್ದರು. ಈಚೆ ನಮ್ಮ ಅಡಿಗೆಮನೆ, ಆಚೆ ಅವರ ದೇವರ ಕೋಣೆ. ನಾವು ಒಗ್ಗರಣೆ ಹಾಕಿದರೆ ಅವರ ದೇವರು ಸೀನುತ್ತಿದ್ದ. ಅವರು ಊದಿನಕಡ್ಡಿ ಹಚ್ಚಿದರೆ ನಮ್ಮ ಸಾರಿಗೆ ಮಲ್ಲಿಗೆ ವಾಸನೆ ಬರುತ್ತಿತ್ತು. ನಮ್ಮ ಯಜಮಾನರು ಹೊಗೆ ಎಳೆಯುವ ಫ್ಯಾನು ಹಾಕಿಸಿದ ಮೇಲೆ ಒಗ್ಗರಣೆಯ ಘಾಟು ಆಚೆ ಹೋಗುವುದು ನಿಂತಿತು. ದೇವರಿಗೂ ಸಮಾಧಾನ, ಕಾಕಾನಿಗೂ ಸಮಾಧಾನ.

ವೀರಪ್ಪಕಾಕಾ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಬಸ್ಸಿನೊಳಗೆ "ಹಿಟ್ನಾಳ ಇಳಿಯೋರು ಬರ್ರಿ" ಎಂದು ಕೂಗಿದರೆ ಹಿಟ್ನಾಳದ ಹೋಟೆಲಿನಲ್ಲಿ ಕೂತವರೂ ಎದ್ದು ನಿಲ್ಲುತ್ತಿದ್ದರು ಎಂದು ಅವರ ಹೆಂಡತಿ ನೀಲಮ್ಮಚಿಗವ್ವ ಈಗಲೂ ಹೇಳುತ್ತಾರೆ. ಆ ಧ್ವನಿಯನ್ನು ಅವರು ನಿವೃತ್ತಿಯ ನಂತರ ದೇವರಿಗೆ ಒಪ್ಪಿಸಿದರು. ಹಣಮಪ್ಪನ ಗುಡಿಯ ಭಜನಾ ಮೇಳದಲ್ಲಿ ಅವರೇ ಮುಂದಿನ ಹಾಡುಗಾರರು. ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟರೆ ತಬಲಾದವನು ಕೈ ಒರೆಸಿಕೊಂಡು ಕಾಯಬೇಕಾಗುತ್ತಿತ್ತು. ಇತ್ತೀಚೆಗೆ ಅವರು ಹಾಡುವುದನ್ನು ಸ್ವಲ್ಪ ಕಡಿಮೆ ಮಾಡಿ ಧ್ಯಾನಕ್ಕೆ ಇಳಿದಿದ್ದರು. ದಿನಾ ದೀಪ ಹಚ್ಚುವ ಹೊತ್ತಿಗೆ ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡುಬಿಡುತ್ತಿದ್ದರು. "ಸಾಧು ಆಗಾಕತ್ತಾನ ನಮ್ಮ ಮುದುಕ" ಎಂದು ಚಿಗವ್ವ ಹೆಮ್ಮೆಯಲ್ಲೇ ದೂರುತ್ತಿದ್ದರು.

ದೀಪಾವಳಿ ಮುಗಿದು ಚಳಿ ಕಾಲಿಟ್ಟಿತ್ತು. ರಾಶಿಯ ಕಾಲ, ಊರಿನ ಮೇಲೆಲ್ಲ ಹೊಟ್ಟಿನ ಧೂಳು. ಒಂದು ಸಂಜೆ ಕಾಲೇಜಿನಿಂದ ಬಂದವಳು ರೊಟ್ಟಿಗೆ ಹಂಚು ಇಡಬೇಕೆಂದು ಒಲೆ ಹಚ್ಚಿದೆ. ನೀಲಿ ಜ್ವಾಲೆ ಎಂದಿನಂತೆ ಎದ್ದಿತು. ನಾನು ಹಿಟ್ಟಿನ ಕಡೆಗೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಅದರ ತುದಿಗಳು ಹಳದಿಯಾದವು. ಆಮೇಲೆ ಇಡೀ ಜ್ವಾಲೆ ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಸದ್ದಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಯಾರೋ ಬೆಂಕಿಯೊಳಗೆ ಮೆಲ್ಲಗೆ ಬಂದು ಕೂತ ಹಾಗೆ. ಗೋಡೆಯ ಮೇಲಿನ ಡಬ್ಬಿಗಳೆಲ್ಲ ಆ ಬೆಳಕಿನಲ್ಲಿ ಬೇರೆ ಯಾರದೋ ಮನೆಯ ಡಬ್ಬಿಗಳಂತೆ ಕಂಡವು. ಸ್ವಲ್ಪ ಹೊತ್ತು ಹಾಗೇ ಉರಿದು, ಬಂದಷ್ಟೇ ಮೆಲ್ಲಗೆ ಅದು ಹೋಗಿ, ಜ್ವಾಲೆ ಮತ್ತೆ ನೀಲಿಯಾಯಿತು.

ನಾನು ಬರ್ನರ್ ಮೇಲೆ ಉಪ್ಪು ಬಿದ್ದಿರಬೇಕು ಅಂದುಕೊಂಡೆ. ಎರಡೂ ಬರ್ನರ್ ಬಿಚ್ಚಿ, ತಿಕ್ಕಿ, ತೊಳೆದು ಒಣಗಿಸಿಟ್ಟೆ. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಗೇ ಆಯಿತು. ಸಿಲಿಂಡರ್ ಬದಲಿಸಿದೆವು, ಆದರೂ ಆಯಿತು. ಹಿಟ್ಟಿನ ಬುಟ್ಟಿಯನ್ನೇ ಪಡಸಾಲೆಗೆ ಸಾಗಿಸಿ ಬರಿಯ ಒಲೆ ಹಚ್ಚಿ ನೋಡಿದೆ. ಖಾಲಿ ಒಲೆಯ ಮೇಲೂ ಅದು ಬಂದು ಕೂತಿತು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮಾತ್ರ. ಯಜಮಾನರಿಗೆ ಹೇಳಿದರೆ ಅವರು ಮೊಬೈಲಿನಿಂದ ತಲೆ ಎತ್ತದೆ "ರೊಟ್ಟಿ ಬೇಯ್ತಾವಿಲ್ಲ? ಮತ್ತೇನು?" ಎಂದರು. ಗಂಡಸರಿಗೆ ಬೆಂಕಿಯ ಬಣ್ಣ ಮುಖ್ಯವಲ್ಲ.

ನನ್ನ ಅತ್ತೆ ಮಾತ್ರ ಹಾಗಲ್ಲ. ಒಂದು ಸಂಜೆ ನನ್ನ ಬೆನ್ನ ಹಿಂದೆ ಬಂದು ನಿಂತು ಆ ಜ್ವಾಲೆಯನ್ನು ನೋಡಿದವರೇ ಸೆರಗನ್ನು ತಲೆಯ ಮೇಲೆಳೆದುಕೊಂಡರು. ಅವರು ಹಾಗೆ ಸೆರಗು ಎಳೆದುಕೊಳ್ಳುವುದು ಹಿರಿಯರು ಎದುರಿಗೆ ಬಂದಾಗ.

"ಫ್ಯಾನ್ ಬಂದ್ ಮಾಡು" ಎಂದರು ಪಿಸುದನಿಯಲ್ಲಿ. ಮಾಡಿದೆ. ಅಡಿಗೆಮನೆ ಸ್ತಬ್ಧವಾಯಿತು. ಆಗ ನನಗೂ ಕೇಳಿಸಿತು. ಎಲ್ಲಿಂದಲೋ, ಮೇಲಿನಿಂದಲೋ ಗೋಡೆಯೊಳಗಿನಿಂದಲೋ, ಸುಂಯ್... ಎಂದು ಯಾರೋ ಉಸಿರು ಎಳೆದುಕೊಂಡು, ತಡೆದು, ಬಿಟ್ಟ ಹಾಗೆ.

"ನಮ್ಮ ಅತ್ತಿ ಬಂದಾಳ" ಎಂದರು ಅತ್ತೆ.

ನನ್ನ ಅತ್ತೆಯ ಅತ್ತೆಯನ್ನು ನಾನು ನೋಡಿದವಳಲ್ಲ. ನಾನು ಈ ಮನೆಗೆ ಬರುವ ಎಷ್ಟೋ ಮುಂಚೆ ಹೋದವರು. ಅವರಿಗೆ ದಮ್ಮು ಇತ್ತಂತೆ. ಇದೇ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೊರಗಿ ಕೂತು, ಸುಂಯ್ ಸುಂಯ್ ಎಂದು ಉಸಿರೆಳೆಯುತ್ತಲೇ ಸೊಸೆ ಬಡಿಯುವ ಪ್ರತಿಯೊಂದು ರೊಟ್ಟಿಯ ತಪ್ಪು ಹೇಳುತ್ತಿದ್ದರಂತೆ. ಉಸಿರಾಡಲು ಗಾಳಿ ಸಾಲದಿದ್ದರೂ ಬೈಯಲು ಎಂದೂ ಕಡಿಮೆಯಾಗಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಸೊಸೆಯ ಹೆಸರು ಗಂಗವ್ವ ಎಂಬುದನ್ನು ಅವರು ಒಂದು ದಿನವೂ ಬಾಯಲ್ಲಿ ತರಲಿಲ್ಲ. ತವರು ಕುಕನೂರು ಆದದ್ದರಿಂದ ಕೊನೆಯವರೆಗೂ "ಏ ಕುಕನೂರಾಕೀ" ಎಂದೇ ಕರೆದರು.

"ಹಂಗೇನಿಲ್ರಿ ಅತ್ತಿ, ಇದು ಸೋಡಿಯಂ" ಎಂದೆ. ನನ್ನ ಧ್ವನಿ ನನಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ.

ಮರುದಿನ ಕಾಲೇಜಿನಿಂದ ನೀಲಿ ಗಾಜಿನ ತುಂಡನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದೆ. ಸಂಜೆ ಇಬ್ಬರೂ ಒಲೆಯ ಮುಂದೆ ಕಾದು ನಿಂತೆವು. ಕಿತ್ತಳೆ ಬಣ್ಣ ಬಂತು. ಗಾಜು ಹಿಡಿದು ನೋಡಿದೆ. ಬಣ್ಣ ಪೂರ್ತಿ ಮಾಯ, ನೀಲಿ ಜ್ವಾಲೆ ಸುಮ್ಮನೆ ಉರಿಯುತ್ತಿತ್ತು. ಹಿಂದೆ ಬೇರೆ ಯಾವ ಬಣ್ಣವೂ ಅಡಗಿರಲಿಲ್ಲ. ಅಂದರೆ ಅನುಮಾನವೇ ಬೇಡ, ಸೋಡಿಯಂ. ಹಿಗ್ಗಿನಿಂದ ಗಾಜನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಗಾಜಿನಿಂದ ನೋಡಿದರು, ತೆಗೆದು ನೋಡಿದರು, ಮತ್ತೆ ಗಾಜಿನಿಂದ ನೋಡಿದರು.

"ಈಗ ಹೋದಳೇನು?"

"ಹೋಗಿಲ್ರಿ. ಅಲ್ಲೇ ಐತಿ. ಗಾಜಿನ್ಯಾಗ ಕಾಣಂಗಿಲ್ಲ ಅಷ್ಟ."

"ಇದ್ದೂ ಕಾಣಂಗಿಲ್ಲ ಅಂದಮ್ಯಾಲ ಅಕಿನ" ಎಂದು ಅತ್ತೆ ಗಾಜನ್ನು ವಾಪಸು ಕೊಟ್ಟರು.

ನಾನು ಸೋಲಲಿಲ್ಲ. ಇದು ಉಪ್ಪಿನ ಬಣ್ಣ, ಉಪ್ಪಿನ ಸಣ್ಣ ಕಣ ಗಾಳಿಯಲ್ಲಿ ಬಂದರೂ ಬೆಂಕಿ ಹೀಗಾಗುತ್ತದೆ ಎಂದು ವಿವರಿಸಿದೆ. ಅತ್ತೆ ಗಮನವಿಟ್ಟು ಕೇಳಿದರು. ನನ್ನ ವಿದ್ಯಾರ್ಥಿಗಳು ಅಷ್ಟು ಗಮನವಿಟ್ಟು ಕೇಳುವುದಿಲ್ಲ.

"ಕುಷ್ಟಗಿ ಗಾಳ್ಯಾಗ ಉಪ್ಪು ಎಲ್ಲಿಂದ ಬರಬೇಕು? ಸಮುದ್ರ ಐತೇನು ಇಲ್ಲಿ?"

ನಾನು ಹಿಟ್ಟು ಮೆತ್ತಿದ ಕೈಯಿಂದಲೇ ಗಾಜನ್ನು ಒರೆಸತೊಡಗಿದೆ.

"ನಾ ಹೇಳ್ಲೇನು?" ಎಂದರು ಅತ್ತೆ, ಜ್ವಾಲೆಯ ಕಡೆಗೇ ನೋಡುತ್ತ. "ಕಣ್ಣೀರಾಗ ಉಪ್ಪು ಇರತೈತಿ."

ಮೇಲಿನಿಂದ ಸುಂಯ್ ಎಂದು ಉಸಿರು ಬಂತು. ನಾನು ನಡುಗಿದ್ದು ಆಗಲೇ. ರಸಾಯನಶಾಸ್ತ್ರದ ಪ್ರಕಾರ ಅತ್ತೆಯ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬೆಂಕಿ ಲೋಹದ ಹೆಸರು ಹೇಳುತ್ತದೆ, ಅದು ಯಾರಿಂದ ಬಂತು ಎಂದು ಹೇಳುವುದಿಲ್ಲ. ಗೋಡೆಯ ಆಚೆ ಇರುವುದು ದೇವರ ಕೋಣೆ, ಅಲ್ಲಿ ಒಬ್ಬ ಮನುಷ್ಯ ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿದ್ದಾನೆ. ಅಲ್ಲಿಂದ ಉಪ್ಪು ಬರಬಹುದೆಂದು ನನಗೆ ಕನಸಿನಲ್ಲೂ ತೋಚಲಿಲ್ಲ.

ಮೊದಮೊದಲು ಅತ್ತೆ ಆ ಹೊತ್ತಿಗೆ ಮೊದಲ ರೊಟ್ಟಿಯನ್ನು ಎತ್ತಿ ಒಲೆಯ ಪಕ್ಕ ಇಡುತ್ತಿದ್ದರು. ಅದೂ ನಾನು ಬಡಿದದ್ದಲ್ಲ. "ನಿನ್ನ ರೊಟ್ಟಿ ಅಕಿಗೆ ತೋರಸೂದು ಬ್ಯಾಡ" ಎಂದು ತಾವೇ ಬಡಿಯುತ್ತಿದ್ದರು. ಸತ್ತ ಅತ್ತೆಗೂ ಬದುಕಿರುವ ಅತ್ತೆಗೂ ಏಕಕಾಲಕ್ಕೆ ರೊಟ್ಟಿಯ ಪರೀಕ್ಷೆ ಕೊಡುವ ಸೊಸೆ ಕೊಪ್ಪಳ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕ್ರಮೇಣ ಅತ್ತೆಗೆ ಭಯ ಹೋಗಿ ಬಾಯಿ ಬಂತು. ಬದುಕಿದ್ದಾಗ ಎದುರಾಡದ ಮಾತುಗಳನ್ನೆಲ್ಲ ಜ್ವಾಲೆಯ ಮುಂದೆ ಆಡತೊಡಗಿದರು. "ಕುಕನೂರಾಕಿ ಅಂತಿದ್ದೆಲ್ಲ, ನನಗ ಹೆಸರಿದ್ದಿಲ್ಲೇನು? ನನ್ನ ತಂಗಿ ಮದುವಿಗೆ ಕಳಸಲಿಲ್ಲ ನೀ. ನೆನಪೈತೇನು? ಬಸುರಿ ಇದ್ದಾಗ ಉಪ್ಪಿನಕಾಯಿ ಕೇಳಿದರ ಗಡಿಗಿನ ಬಚ್ಚಿಟ್ಟಿ." ಜ್ವಾಲೆ ಕಿತ್ತಳೆಯಾಗಿ ಅಲುಗುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆಯ ಮುಖದ ಅರ್ಧಕ್ಕೆ ಆ ಬೆಳಕು, ಇನ್ನರ್ಧಕ್ಕೆ ಕತ್ತಲು. ಒಂದು ದಿನ ಮಾತ್ರ ಅವರು ಬೈಯದೆ ಮೆಲ್ಲಗೆ ಕೇಳಿದರು: "ಉಸಿರಾಡಾಕ ಅಲ್ಲಿಯೂ ಭಾಳ ತ್ರಾಸ ಆಗಾಕತ್ತೈತೇನು?" ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಅತ್ತೆ ನೆಂಟರ ಮನೆಗೆ ಹೋಗಿದ್ದ ಒಂದು ಸಂಜೆ ನಾನೂ ಆ ಜ್ವಾಲೆಯ ಮುಂದೆ ನಿಂತು ಒಂದೆರಡು ಮಾತು ಆಡಿದೆ. ವೈಜ್ಞಾನಿಕ ಮನೋಭಾವದಿಂದಲೇ. "ನಿಮ್ಮ ಸೊಸಿ ನಿಮ್ಮಂಗ ಆಗ್ಯಾರ ನೋಡ್ರಿ" ಎಂದು ಶುರುಮಾಡಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಆಮೇಲೆ ಆ ಸಂಜೆ ಬಂತು. ಗಂಗಾವತಿಯಲ್ಲಿ ನೀಲಮ್ಮಚಿಗವ್ವನ ಅಕ್ಕನ ಮೊಮ್ಮಗಳ ನಿಶ್ಚಯ. ಚಿಗವ್ವ, ಅವರ ಮಗ ಮತ್ತು ಸೊಸೆ ಬೆಳಿಗ್ಗೆಯೇ ಹೋಗಿದ್ದರು. ಕಾಕಾ ಮಾತ್ರ "ಸಂಜಿಗೆ ಭಜನಿ ಐತಿ" ಎಂದು ಉಳಿದಿದ್ದರು. ನಮ್ಮ ಯಜಮಾನರು ಇನ್ನೂ ಮನೆಗೆ ಬಂದಿರಲಿಲ್ಲ. ನಾನು ಮತ್ತು ಅತ್ತೆ ಒಲೆ ಹಚ್ಚಿ ಕಾದೆವು. ಹೌದು, ಕಾದೆವು, ಅಷ್ಟರಮಟ್ಟಿಗೆ ಅದು ನಮ್ಮ ಮನೆಯ ಅತಿಥಿಯಾಗಿಬಿಟ್ಟಿತ್ತು. ಹೊರಗೆ ಬೀದಿ ದೀಪ ಹತ್ತಿದವು. ಜ್ವಾಲೆ ನೀಲಿಯಾಗಿಯೇ ಇತ್ತು. ಮೊದಲ ರೊಟ್ಟಿ ಬೆಂದಿತು, ಎರಡನೆಯದೂ ಬೆಂದಿತು, ಬಣ್ಣ ಬರಲಿಲ್ಲ.

"ಯಾಕ ಬರಲಿಲ್ಲ ಇವತ್ತು?" ಎಂದರು ಅತ್ತೆ. ಅವರ ಧ್ವನಿಯಲ್ಲಿ ಬಸ್ ತಪ್ಪಿಸಿಕೊಂಡ ಮನೆಯವರಿಗಾಗಿ ಕಾಯುವ ಆತಂಕವಿತ್ತು. ತಾವೇ ಎದ್ದು ಫ್ಯಾನು ನಿಲ್ಲಿಸಿದರು.

ಉಸಿರು ಕೇಳುತ್ತಿತ್ತು. ಆದರೆ ದಿನದ ಉಸಿರಲ್ಲ. ಚಿಕ್ಕದು, ಅವಸರದ್ದು, ಒಡೆದ ಕೊಳಲಿನಲ್ಲಿ ಗಾಳಿ ಹೊಕ್ಕು ಹೊರಡಲಾರದೆ ಒದ್ದಾಡಿದ ಹಾಗೆ. ನಡುನಡುವೆ ಕಲ್ಲಿಗೆ ಏನೋ ಉಜ್ಜಿದ ಸದ್ದು. ನಾನು ನಿಂತಲ್ಲೇ ಕಾರಣ ಹುಡುಕತೊಡಗಿದೆ. ಉಪ್ಪಿಲ್ಲದೆ ಉಸಿರು ಮಾತ್ರ ಹೇಗೆ? ಇಲ್ಲಿಯವರೆಗೆ ಎರಡೂ ಒಟ್ಟಿಗೇ ಬರುತ್ತಿದ್ದವಲ್ಲ? ನಾನು ಆ ಪ್ರಶ್ನೆಯಲ್ಲೇ ಇದ್ದೆ. ಅಷ್ಟರಲ್ಲಿ ಅತ್ತೆ ಯಾರೋ ಕರೆದವರಂತೆ ತಟ್ಟನೆ ತಲೆ ಎತ್ತಿ, "ಬಂದೆ" ಎಂದರು. ಬೆಳಕಿಂಡಿಯ ಕಡೆಗೆ ನೋಡಿದರು. ಆಮೇಲೆ ಮಂಡಿ ನೋವಿನ ಆ ಹೆಂಗಸು ಓಡಿದರು. ನಾನು ಒಲೆ ಆರಿಸಿ ಹಿಂದೆಯೇ ಓಡಿದೆ. ಅವರು ನಮ್ಮ ಮನೆಯ ಬಾಗಿಲು ದಾಟಿ, ಕಟ್ಟೆ ಇಳಿದು, ನೇರ ಕಾಕಾನ ಮನೆಯೊಳಗೆ ನುಗ್ಗಿದರು.

ಹೊರಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ದೇವರ ಕೋಣೆಯ ಬಾಗಿಲು ತಳ್ಳಿದರೆ ಒಳಗೆ ಕಾಕಾ ಗೋಡೆಗೊರಗಿ ಕೂತಿದ್ದರು. ತುಟಿ ನೀಲಿಗಟ್ಟಿದ್ದವು. ಎರಡೂ ಕೈ ನೆಲಕ್ಕೆ ಊರಿ, ಭುಜ ಎತ್ತಿ ಎತ್ತಿ ಉಸಿರಿಗಾಗಿ ಹೆಣಗುತ್ತಿದ್ದರು. ಮುಂದೆ ಅಂಗೈಯಗಲದ ಒಂದು ಬಿಳಿ ಯಂತ್ರ ಬಿದ್ದಿತ್ತು. ಅದರ ಔಷಧಿಯ ಬಟ್ಟಲು ಕಲ್ಲಿನ ಮೇಲೆ ಬಿದ್ದು ಸೀಳಿತ್ತು. ಕಾಕಾ ಅತ್ತೆಯನ್ನು ನೋಡಿದರು. ಮಾತಾಡಲು ಬಾಯಿ ತೆರೆದರು; ಗಾಳಿಯ ಸಿಳ್ಳೆ ಬಿಟ್ಟು ಏನೂ ಬರಲಿಲ್ಲ.

ಅದೃಷ್ಟಕ್ಕೆ ಬೀದಿಯ ತಿರುವಿನಲ್ಲೇ ಆಟೋ ಸಿಕ್ಕಿತು. ಅತ್ತೆ ಕಾಕಾನ ಪಕ್ಕ ಕೂತು ಅವರನ್ನು ಮುಂದಕ್ಕೆ ಬಾಗಿಸಿ ಹಿಡಿದುಕೊಂಡು, ಬೆನ್ನು ನೀವುತ್ತ, "ಮಲಗಬ್ಯಾಡ್ರಿ, ಹಿಂಗ ಕುಂದರ್ರಿ, ಬಾಯಿಂದ ಮೆಲ್ಲಕ ಬಿಡ್ರಿ" ಎನ್ನುತ್ತಿದ್ದರು. ಇದನ್ನೆಲ್ಲ ಅವರು ಎಲ್ಲಿ ಕಲಿತರು ಎಂದು ನಾನು ಕೇಳಬೇಕಾಗಿರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಕೂತು ಬೈಯುತ್ತಿದ್ದ ಆ ಮುದುಕಿಯ ಬೆನ್ನನ್ನು ಅಷ್ಟು ವರ್ಷ ನೀವಿದವರು ಇವರೇ ತಾನೆ.

ಆಸ್ಪತ್ರೆಯಲ್ಲಿ ಡಾಕ್ಟರು ಆಮ್ಲಜನಕ ಕೊಟ್ಟರು, ಸೂಜಿ ಹಾಕಿದರು. ನರ್ಸಮ್ಮ ಒಂದು ಮುಖವಾಡದ ಬಟ್ಟಲಿಗೆ ಔಷಧಿ ಸುರಿದು, ಅದರ ಮೇಲೆ ಚಿಕ್ಕ ಪ್ಲಾಸ್ಟಿಕ್ ಬಾಟಲಿಯಿಂದ ನೀರಿನಂಥದ್ದೇನೋ ಬೆರೆಸಿ, ಯಂತ್ರ ಹಚ್ಚಿದರು. ಮುಖವಾಡದ ಎರಡೂ ಬದಿಯಿಂದ ಬೆಳ್ಳನೆಯ ಮಂಜು ಹೊರಟಿತು. ಕಾಕಾನ ಎದೆಯ ಸಿಳ್ಳೆ ನಿಧಾನವಾಗಿ ಇಳಿಯತೊಡಗಿತು. ನಾನು ಸುಮ್ಮನೆ ಆ ಖಾಲಿ ಬಾಟಲಿಯನ್ನು ಕೈಗೆತ್ತಿಕೊಂಡು ಓದಿದೆ. ಸೋಡಿಯಂ ಕ್ಲೋರೈಡ್ ಎಂದಿತ್ತು.

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಎಲ್ಲ ಒಂದೇ ಸಲ ತಿಳಿಯಿತು. ಧ್ಯಾನವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಈ ಮನುಷ್ಯ ದಿನಾ ಸಂಜೆ ಬಾಗಿಲು ಮುಂದೆ ಮಾಡಿಕೊಂಡು ಆ ಸದ್ದಿಲ್ಲದ ಬಿಳಿ ಯಂತ್ರದಿಂದ ಉಪ್ಪು ನೀರಿನ ಮಂಜು ಕುಡಿಯುತ್ತಿದ್ದ. ನಮ್ಮ ಫ್ಯಾನು ಅದನ್ನು ಬೆಳಕಿಂಡಿಯಿಂದ ಈಚೆ ಎಳೆಯುತ್ತಿತ್ತು. ಒಲೆ ಅದನ್ನು ದಿನಾ ನನಗೆ ಹೇಳುತ್ತಿತ್ತು. ನಾನು ಓದಿದ್ದೆ ಕೂಡ, ಅರ್ಧ ಮಾತ್ರ. ನಗು ಬಂತು, ನಗುತ್ತಿದ್ದ ಹಾಗೇ ಅದು ಅಳುವಾಯಿತು. ನರ್ಸಮ್ಮ ನನ್ನನ್ನು ಕಾಕಾನ ಮಗಳೆಂದು ತಿಳಿದು "ಏನೂ ಆಗಂಗಿಲ್ಲ, ಅಳಬ್ಯಾಡ್ರಿ" ಎಂದು ನೀರು ಕೊಟ್ಟರು.

ಉಸಿರು ಬಂದ ಮೇಲೆ ಕಾಕಾ ಆಡಿದ ಮೊದಲ ಮಾತು, "ಯಾರಿಗೂ ಹೇಳಬ್ಯಾಡ ತಂಗಿ." ಕೊಪ್ಪಳದ ಡಾಕ್ಟರ ಹತ್ತಿರ ಗುಟ್ಟಾಗಿ ತೋರಿಸಿಕೊಂಡಿದ್ದರಂತೆ. "ವೀರಪ್ಪಗ ದಮ್ಮು ಅಂತ ಗೊತ್ತಾದ್ರ ಮ್ಯಾಳದಾಗ ಮುಂದ ಕುಂದರಸ್ತಾರೇನು? ಊರಿಗೆ ಊರ ನನ್ನ ದನಿ ಕೇಳೈತಿ. ಈಗ ಸಿಳ್ಳಿ ಕೇಳಸ್ಲೇನು?" ಅವರ ಕಣ್ಣಲ್ಲಿ ನೀರಿತ್ತು. ಅತ್ತೆ ಹೇಳಿದರು: "ನಿಮ್ಮ ಹೆಂಡ್ತಿಗೆ ನೀವ ಹೇಳ್ರಿ. ಇಲ್ಲಂದ್ರ ನಾ ಹೇಳ್ತೀನಿ. ನಾ ಹೇಳಿದ್ರ ಊರಿಗೆಲ್ಲ ಕೇಳಸತೈತಿ."

ಚಿಗವ್ವ ಗಂಗಾವತಿಯಿಂದ ಓಡಿ ಬಂದು, ಅತ್ತು, ಬೈದು, ಮತ್ತೆ ಅತ್ತರು. ಈಗ ಕಾಕಾ ಮುಂದಿನ ಪಡಸಾಲೆಯಲ್ಲಿ ಎಲ್ಲರೆದುರೇ ಮುಖವಾಡ ಹಾಕಿಕೊಂಡು ಟೀವಿ ನೋಡುತ್ತಾರೆ. ಭಜನೆಯಲ್ಲಿ ತಾಳ ಹಿಡಿದು ಕೂರುತ್ತಾರೆ. ಎರಡೇ ಎರಡು ನುಡಿ, ಕೆಳಗಿನ ಸ್ವರದಲ್ಲಿ ಹಾಡುತ್ತಾರೆ. ಅವರನ್ನು ಮೇಳದಿಂದ ಯಾರೂ ಏಳಿಸಲಿಲ್ಲ. ತಬಲಾದವನಂತೂ ನೆಮ್ಮದಿಯಾಗಿದ್ದಾನೆ.

ಅತ್ತೆಗೆ ನಾನು ಎಲ್ಲವನ್ನೂ ವಿವರಿಸಿದೆ. ಕಾಕಾನದೇ ಉಸಿರು, ಕಾಕಾನದೇ ಉಪ್ಪು, ನಮ್ಮದೇ ಫ್ಯಾನು. ಒಬ್ಬರು ಎರಡನೆಯ ಸಲ ತೀರಿಕೊಂಡ ಮನೆಯ ಹಾಗೆ ನಮ್ಮ ಅಡಿಗೆಮನೆ ಮೌನವಾಗಿತ್ತು. ನನಗೆ ಕೆಡುಕೆನಿಸಿ, ಮಾತು ತಿರುಗಿಸಲು ಕೇಳಿದೆ: "ಅವತ್ತು ನೀವು 'ಬಂದೆ' ಅಂದ್ರಲ್ಲ, ಯಾರಿಗಂದ್ರಿ?"

ಅತ್ತೆ ನನ್ನನ್ನೇ ನೋಡಿದರು. "ನಿನಗ ಕೇಳಸಲಿಲ್ಲೇನು? 'ಏ ಕುಕನೂರಾಕೀ, ಮಗ್ಗಲ ಮನಿಗೆ ಓಡು' ಅಂದದ್ದು?"

ನನಗೆ ಕೇಳಿಸಿರಲಿಲ್ಲ. ಕಾಕಾನೇ ಕೂಗಿರಬೇಕು ಎಂದುಕೊಂಡೆ; ಅತ್ತೆ ದಿನಾ ಜ್ವಾಲೆಯ ಮುಂದೆ ಆ ಹೆಸರು ಹೇಳಿ ಜಗಳವಾಡಿದ್ದನ್ನು ಬೆಳಕಿಂಡಿಯಿಂದ ಅವರು ಕೇಳಿರಲೇಬೇಕು. ಹೋಗಿ ವಿಚಾರಿಸಿದೆ. ಕಾಕಾ ತಲೆಯಾಡಿಸಿದರು. "ಹೆಸರು ಕೇಳೀನವಾ, ಖರೆ. ಆದ್ರ ಅವತ್ತು ನನ್ನ ಬಾಯಾಗ ಉಸಿರು ಎಲ್ಲಿತ್ತು ಕೂಗಾಕ?" ನಾನು ಅವರ ಮುಖವನ್ನು ನೋಡಿದೆ. ಸುಳ್ಳು ಹೇಳುವ ಮುಖವಾಗಿರಲಿಲ್ಲ. ಇದಕ್ಕೆ ಹಿಡಿದು ನೋಡುವ ಗಾಜು ನನ್ನ ಹತ್ತಿರ ಇಲ್ಲ. ಹುಡುಕುವ ಧೈರ್ಯವೂ ಇಲ್ಲ.

ಮೊನ್ನೆ ಅತ್ತೆ ತಂಗಿಯ ಮನೆಗೆಂದು ಯಲಬುರ್ಗಾಕ್ಕೆ ಹೋದರು. ಸಂಜೆ ಒಬ್ಬಳೇ ಒಲೆ ಹಚ್ಚಿದೆ. ನೀಲಿ ಜ್ವಾಲೆ ನೀಲಿಯಾಗಿಯೇ ಇತ್ತು. ಮನೆ ಖಾಲಿ ಖಾಲಿ ಎನಿಸಿತು. ಎದೆಯಲ್ಲಿ ಒಂದಿಷ್ಟು ಮಾತು ಸೇರಿಕೊಂಡಿದ್ದವು. ಬಣ್ಣ ಬರದಿದ್ದರೇನು ಎಂದುಕೊಂಡು, ಸೆರಗು ಸರಿಮಾಡಿಕೊಂಡು, ಜ್ವಾಲೆಗೆ ಹೇಳತೊಡಗಿದೆ. ನಿಮ್ಮ ಸೊಸಿ ಹೋಗುವಾಗ ತುಪ್ಪದ ಡಬ್ಬಿಗೆ ಬೀಗ ಹಾಕ್ಯಾರ್ರಿ, ನಾ ಬಡಿದ ರೊಟ್ಟಿ ಎಮ್ಮಿಗೆ ಹಾಕಂದ್ರು, ನಿಮ್ಮ ಮೊಮ್ಮಗ ಎಲ್ಲಾ ಕೇಳಿ ಸುಮ್ಮ ಕುಂತಾರ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು, ಕಣ್ಣು ತುಂಬಿದವು. ಆಗ ತಲೆಯ ಮೇಲಿನ ಕತ್ತಲೆಯಿಂದ, ಬಹಳ ಹತ್ತಿರದಿಂದ, ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ನನ್ನ ಕೈಯಲ್ಲಿದ್ದ ರೊಟ್ಟಿ ನೆಲಕ್ಕೆ ಬಿತ್ತು.

"ತಂಗಿ" ಎಂದಿತು ಬೆಳಕಿಂಡಿ, ವೀರಪ್ಪಕಾಕಾನ ಧ್ವನಿಯಲ್ಲಿ. "ಸ್ವಲ್ಪ ಮೆಲ್ಲಕ ಹೇಳವಾ. ಈಗ ನಾ ಖರೇನ ಧ್ಯಾನಕ್ಕ ಕುಂತೀನಿ."